ಇನ್ನೊಂಚೂರು ದಮ್ಮು

ನಾಸಿಕದ ದಾರಿಯಲ್ಲಿ ಕಸಾರಾ ಘಾಟಿ ಏರುವಾಗ ಕಂಟೇನರ್ ಹೊತ್ತ ಟ್ರೇಲರೊಂದನ್ನು ಹಿಂದೆ ಹಾಕಲು ಹೋಗಿ ವಿಮಲಾಳ ಕಾರು ಅರ್ಧದಲ್ಲೇ ಸೋತಿತು. ಎಡಗಡೆ ಟ್ರೇಲರಿನ ಚಕ್ರಗಳು, ಬಲಗಡೆ ಬಂಡೆಯ ಗೋಡೆ, ಬೆನ್ನಿಗೆ ಅಂಟಿದಂತೆ ಹಾರ್ನ್ ಒತ್ತಿಹಿಡಿದ ಬಸ್ಸು. ಅವಳು ಆಕ್ಸಿಲರೇಟರನ್ನು ತಳಮುಟ್ಟ ತುಳಿದಳು. ಎಂಜಿನ್ ಕೂಗಿತೇ ಹೊರತು ಕಾರು ಮುಂದೆ ಹೋಗಲಿಲ್ಲ. ತಿರುವಿನಲ್ಲಿ ಟ್ರೇಲರು ಮೆಲ್ಲಗೆ ಅವರ ಕಡೆಗೇ ಸರಿಯತೊಡಗಿತು. ಪಕ್ಕದ ಸೀಟಿನಲ್ಲಿದ್ದ ಕಸ್ತೂರಿಬಾಯಿ ಚೀರಲಿಲ್ಲ. ಎರಡೂ ಕೈಗಳಿಂದ ಡ್ಯಾಶ್‌ಬೋರ್ಡ್ ಹಿಡಿದು ಕಣ್ಣು ಮುಚ್ಚಿಕೊಂಡಳು. ಕನ್ನಡಿಯಲ್ಲಿ ಏನು ಕಂಡನೋ, ಟ್ರೇಲರಿನ ಡ್ರೈವರು ಎಡಕ್ಕೆ ಎಳೆದುಕೊಂಡ. ಅಷ್ಟರಿಂದ ಇಬ್ಬರೂ ಉಳಿದರು.

ಘಾಟಿ ಮುಗಿದ ಮೇಲೆ ಚಹಾದಂಗಡಿಯೊಂದರ ಮುಂದೆ ಕಾರು ನಿಲ್ಲಿಸಿ ಹಿಂದೆ ಹೋಗಿ ನೋಡಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿತ್ತು. ಇಬ್ಬರೂ ಒಂದು ವಿಮಾ ಕಂಪನಿಯ ಮೋಟಾರ್ ಕ್ಲೇಮ್ ವಿಭಾಗದಲ್ಲಿ ಎದುರುಬದುರು ಮೇಜಿಗೆ ಕೂತು ನಿವೃತ್ತರಾದವರು. ನೀಲಿ ಹೊಗೆಯೆಂದರೆ ಆಯಿಲ್ ಸುಡುತ್ತಿದೆ ಎಂದು ಇಬ್ಬರಿಗೂ ಗೊತ್ತು. ನಾಸಿಕದಲ್ಲಿ ತಾನಿರುವ ಮಗಳ ಮನೆಯ ಗೇಟಿನ ಮುಂದೆ ಇಳಿಯುವಾಗ ಕಸ್ತೂರಿಬಾಯಿ ಹೇಳಿದ್ದು ಒಂದೇ ಮಾತು: "ಮುಂದಿನ ಸಲ ನಾ ಟ್ರೇನಿಗೆ ಬರ್ತೀನಿ ವಿಮಲಾ. ನೀನೂ ಟ್ರೇನಿಗೇ ಬಾ."

ಆ ಮಾತು ವಿಮಲಾಳಿಗೆ ನಾಟಿತು. ಎರಡು ಮೂರು ತಿಂಗಳಿಗೊಮ್ಮೆ ಕಸ್ತೂರಿಬಾಯಿಯನ್ನು ಸಯನ್ನಿನ ತನ್ನ ಮನೆಗೆ ಕರೆತರುವುದು, ಒಂದು ವಾರ ಇಟ್ಟುಕೊಂಡು ವಾಪಸು ಬಿಟ್ಟುಬರುವುದು, ದಾರಿಯುದ್ದಕ್ಕೂ ಹಳೆಯ ಆಫೀಸಿನವರನ್ನು ಆಡಿಕೊಳ್ಳುವುದು, ನಿವೃತ್ತಿಯಾದ ಮೇಲೆ ಅವಳಿಗೆ ಉಳಿದಿದ್ದ ಖುಷಿ ಇದೇ. ಗಂಡ ಕಿಟ್ಟು ಇದ್ದಾಗಲೂ ಕಾರು ಓಡಿಸುತ್ತಿದ್ದವಳು ಅವಳೇ. ಮೈಸೂರಿನಿಂದ ಮದುವೆಯಾಗಿ ಬಂದ ಹೊಸತರಲ್ಲೇ ಹಟ ಹಿಡಿದು ಕಲಿತಿದ್ದಳು. ಕಿಟ್ಟು ತೀರಿಹೋಗುವವರೆಗೂ ಒಮ್ಮೆಯೂ ಸ್ಟೀರಿಂಗ್ ಮುಟ್ಟಿದವರಲ್ಲ. ಪಕ್ಕದಲ್ಲಿ ಕೂತು ಕಡಲೆಕಾಯಿ ಸುಲಿದು ಅವಳ ಕೈಗಿಡುತ್ತಿದ್ದರು.

ಮಗ ವಿಕ್ರಂಗೆ ವಿಷಯ ತಿಳಿದ ಕೂಡಲೇ ಆತ ಕಾರು ಮಾರಿಬಿಡು ಎಂದ. ಬೇಕಾದರೆ ಊರೊಳಗೆ ಓಡಾಡಲು ಚಿಕ್ಕ ಆಟೋಮ್ಯಾಟಿಕ್ ತೆಗೆದುಕೊಳ್ಳೋಣ, ನಾಸಿಕಕ್ಕೆ ಹೋಗುವಾಗ ಡ್ರೈವರ್ ಕರೆಸೋಣ ಎಂದ. ಪರೇಲಿನಲ್ಲಿ ಅವನ ಆಫೀಸು, ಘಾಟ್ಕೋಪರಿನಲ್ಲಿ ಮನೆ. ಭಾನುವಾರ ಬೆಳಗ್ಗೆ ಬಂದು ಅಮ್ಮನ ಕೈಯ ದೋಸೆ ತಿಂದುಕೊಂಡೇ ಇದನ್ನೆಲ್ಲ ಹೇಳಿದ. ಕಾರಿನ ಮೈ ಚೆನ್ನಾಗಿದೆ, ಕೆಟ್ಟಿರುವುದು ಎಂಜಿನ್ ಮಾತ್ರ, ಅದನ್ನು ಬಿಚ್ಚಿ ಕಟ್ಟಿಸುತ್ತೇನೆ ಎಂದಳು ವಿಮಲಾ. ಅವನು ತಲೆ ಚಚ್ಚಿಕೊಂಡ. ಕೊನೆಗೆ ತನ್ನ ಸೊಸೈಟಿಯ ಹತ್ತಿರವೇ ಒಬ್ಬ ಒಳ್ಳೆಯ ಮೆಕ್ಯಾನಿಕ್ ಇದ್ದಾನೆ, ಕನ್ನಡದವನೇ, ಅಲ್ಲಿಗೇ ಕೊಡು ಎಂದ.

ಗುರುಪಾದ ವಿಜಯಪುರದ ಕಡೆಯವನು. ಘಾಟ್ಕೋಪರಿನ ಒಂದು ಗಲ್ಲಿಯಲ್ಲಿ ತಗಡಿನ ಮಾಡಿನ ಗ್ಯಾರೇಜು ಇಟ್ಟುಕೊಂಡು ಬಹಳ ವರ್ಷಗಳಾಗಿದ್ದವು. ಮೂರು ಸಿಲಿಂಡರಿನ ಆ ಪುಟ್ಟ ಎಂಜಿನ್ ಇಳಿಸಿ, ತೆರೆದು, ಅವಳನ್ನು ಕರೆಸಿ ಟಾರ್ಚ್ ಹಿಡಿದು ತೋರಿಸಿದ.

"ಪಿಸ್ಟನ್ ರಿಂಗ್ ಹೋಗ್ಯಾವ ಅಕ್ಕಾರ. ಸಿಲಿಂಡರಿನ್ಯಾಗ ಗೆರಿ ಬಿದ್ದಾವ ನೋಡ್ರಿ. ಬೋರ್ ಮಾಡಿಸಿ, ಅಂದ್ರ ಒಳಗ ಕೊರಿಸಿ ನಯ ಮಾಡಿಸಿ, ಹೊಸಾ ಪಿಸ್ಟನ್ ಹಾಕಬೇಕು."

ಹೇಗೂ ಪೂರ್ತಿ ಬಿಚ್ಚಿದ್ದಾಗಿದೆ, ಕಟ್ಟುವಾಗ ಸ್ವಲ್ಪ ಶಕ್ತಿ ಹೆಚ್ಚಿಸಿ ಕಟ್ಟಿ ಎಂದಳು ವಿಮಲಾ. ಅವಳು ಈ ಬಗ್ಗೆ ಕೇಳಿ, ಓದಿ ತಿಳಿದುಕೊಂಡೇ ಬಂದಿದ್ದಳು. ಹೊರಹೋಗುವ ಹೊಗೆಯ ಬಲದಿಂದಲೇ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಈ ಕಾರಿನಲ್ಲಿ ಚಿಕ್ಕದು. ಅದೇ ಕಂಪನಿಯ ಆಮೇಲಿನ ಮಾಡೆಲಿನಲ್ಲಿ ಬಂದದ್ದು ತುಸು ದೊಡ್ಡದು. ಅದನ್ನು ಹಾಕಿ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರನ್ನೂ ದೊಡ್ಡದು ಮಾಡಿ, ಕಂಪ್ಯೂಟರಿನ ಸೆಟ್ಟಿಂಗು ಬದಲಾಯಿಸಿದರೆ ಐದರಲ್ಲಿ ಒಂದು ಪಾಲು ಶಕ್ತಿ ಹೆಚ್ಚುತ್ತದೆ.

"ರೇಸಿಗೆ ಹೋಗಲ್ಲ ನಾನು," ಎಂದಳು. "ಓವರ್‌ಟೇಕ್ ಮಾಡುವಾಗ ಇನ್ನೊಂಚೂರು ದಮ್ಮು ಬೇಕು. ಅಷ್ಟೇ."

ಗುರುಪಾದ ಕೈ ಒರೆಸಿಕೊಳ್ಳುತ್ತ ನಕ್ಕ. ಮಾಡೋಣಂತೆ ಎಂದ. ಆದರೆ ಅವಳು ಗಲ್ಲಿ ದಾಟುವಷ್ಟರಲ್ಲಿ ಅವನು ವಿಕ್ರಂಗೆ ಫೋನ್ ಮಾಡಿದ್ದ. ಅದು ಅವಳಿಗೆ ಆಗ ತಿಳಿಯಲಿಲ್ಲ.

ಕೆಲಸ ನಡೆದಷ್ಟು ದಿನವೂ ಅವಳಿಗೆ ಒಂದು ಸಂಗತಿ ಕಿರಿಕಿರಿ ಮಾಡುತ್ತಿತ್ತು. ಪಿಸ್ಟನ್ ಬಂತೇ ಎಂದು ಫೋನಿನಲ್ಲಿ ಕೇಳಿದರೆ, ಸಾಹೇಬರಿಗೆ ಹೇಳಿದ್ದೇನಲ್ಲ ಎಂಬ ಉತ್ತರ. ಕಾರು ಅವಳದು, ಕೊಡುವ ಹಣ ಅವಳದು, ಆದರೂ ಸುದ್ದಿ ಮಗನ ಮೂಲಕವೇ ಬರಬೇಕು. ಒಮ್ಮೆ ರೇಗಿ, ಗಾಡಿ ಯಾರ ಹೆಸರಿನಲ್ಲಿದೆ ನೋಡಿ ಎಂದೂ ಹೇಳಿದ್ದಳು. ಅವನು ಹೂಂ ಅಕ್ಕಾರ ಎಂದ, ಮರುದಿನ ಮತ್ತೆ ವಿಕ್ರಂಗೇ ಫೋನ್ ಮಾಡಿದ.

ನೀವು ಹೇಳಿದ್ದೆಲ್ಲ ಹಾಕಿದ್ದೇನೆ ಎಂದು ಗುರುಪಾದ ಕಾರು ಕೈಗೆ ಕೊಟ್ಟಾಗ ಹೊಗೆ ನಿಂತಿತ್ತು, ಸದ್ದು ನಯವಾಗಿತ್ತು. ಹೊಸ ಎಂಜಿನ್ ಪಳಗುವವರೆಗೆ ಅವಳು ಹಿಂಡದೆ ಮೆಲ್ಲಗೆ ಓಡಿಸಿದಳು. ಆಮೇಲೆ ಒಂದು ಬೆಳಗ್ಗೆ ಒಬ್ಬಳೇ ಕಸಾರಾ ಕಡೆಗೆ ಹೊರಟಳು. ಘಾಟಿಯಲ್ಲಿ ಒಂದು ಲಾರಿಯ ಹಿಂದೆ ಸರಿಯಾಗಿ ಅಂತರ ಬಿಟ್ಟುಕೊಂಡು, ಗೇರ್ ಇಳಿಸಿ ತುಳಿದಳು. ಕಾರು ಹೋಯಿತು, ಆದರೆ ಎಷ್ಟೋ ವರ್ಷಗಳಿಂದ ಹೋಗುತ್ತಿದ್ದ ಹಾಗೆಯೇ ಹೋಯಿತು. ಇನ್ನೊಂದು ಲಾರಿ ಸಿಕ್ಕಿತು. ಆಗಲೂ ಅಷ್ಟೇ. ಘಾಟಿಯ ಮೇಲಿನ ಇಗತಪುರಿಯಲ್ಲಿ ನಿಲ್ಲಿಸಿ ಬಹಳ ಹೊತ್ತು ಸ್ಟೀರಿಂಗ್ ಹಿಡಿದು ಕೂತಳು. ತನಗೇ ಗೊತ್ತಾಗುತ್ತಿಲ್ಲವೇ, ವಯಸ್ಸಾಯಿತೇ, ಅಂಥ ವ್ಯತ್ಯಾಸವೇ ಇರುವುದಿಲ್ಲವೇ ಎಂದು ತನ್ನನ್ನೇ ಅನುಮಾನಿಸಿಕೊಂಡಳು. ನಾಸಿಕಕ್ಕೆ ಹೋಗದೆ ಅಲ್ಲಿಂದಲೇ ತಿರುಗಿ ಬಂದಳು.

ಮನೆಗೆ ಹೋಗಲಿಲ್ಲ. ನೇರ ಗ್ಯಾರೇಜಿಗೆ ಹೋಗಿ ಹಳೆಯ ಸಾಮಾನು ಕೊಡಿ ಎಂದಳು. ಕ್ಲೇಮ್ ವಿಭಾಗದಲ್ಲಿದ್ದವಳಿಗೆ ಅದು ಅಭ್ಯಾಸ. ಹೊಸದು ಹಾಕಿದ್ದೇವೆ ಎಂದರೆ ಹಳೆಯದನ್ನು ಮೇಜಿನ ಮೇಲೆ ಇಡಿಸಬೇಕು. ಗುರುಪಾದ ಒಂದು ಗೋಣಿಚೀಲ ತಂದು ಸುರಿದ. ಪಿಸ್ಟನ್ನುಗಳಿದ್ದವು, ರಿಂಗುಗಳಿದ್ದವು, ಸವೆದ ಬೇರಿಂಗುಗಳಿದ್ದವು.

"ಹಳೇ ಟರ್ಬೊ ಎಲ್ಲಿ?"

ಗುರುಪಾದ ಗೋಣಿಚೀಲವನ್ನು ಮತ್ತೊಮ್ಮೆ ಕೊಡವಿದ. ಅದರಲ್ಲಿ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹಳೆಯ ಟರ್ಬೊ ಕಾರಿನಲ್ಲೇ ಇತ್ತು.

"ನಿಮ್ಮ ಮಗ ಅಂದ್ರು ಅಕ್ಕಾರ," ಎಂದ ಅವನು ಕೊನೆಗೆ. "ಕಂಪನಿಯವರು ಕೊಟ್ಟಂಗ ಕಟ್ಟು, ಅಮ್ಮಗ ಎಲ್ಲಾ ಹಾಕೇನಿ ಅಂತ ಹೇಳು ಅಂದ್ರು. ನಂಗೂ ಅದ ಸರಿ ಅನಸ್ತು. ನಾಳೆ ಘಾಟಿನ್ಯಾಗ ಏನರ ಆತಂದ್ರ ನನ್ನ ಹೆಸರ ಬರತೈತಿ."

"ಆಗಲ್ಲ ಅಂತ ನನ್ನ ಮುಖ ನೋಡಿ ಹೇಳಿದ್ದರೆ ಬೇರೆ ಕಡೆ ಹೋಗ್ತಿದ್ದೆ. ಮಾಡಿದೀನಿ ಅಂತ ಯಾಕೆ ಹೇಳಿದ್ರಿ?"

ಹಾಕದೆ ಇದ್ದುದಕ್ಕೆ ತಾನು ದುಡ್ಡು ತೆಗೆದುಕೊಂಡಿಲ್ಲ ಎಂದಷ್ಟೇ ಹೇಳಿದ. ಅದು ನಿಜವೂ ಆಗಿತ್ತು. ಅವಳಿಗೆ ಅದರಿಂದ ಸಿಟ್ಟು ಇನ್ನೂ ಏರಿತು.

ಅಲ್ಲಿಂದ ವಿಕ್ರಂನ ಮನೆ ನಡೆದುಹೋಗುವಷ್ಟು ಹತ್ತಿರ. ಅವನು ಆಫೀಸಿನಿಂದ ಬರುವವರೆಗೆ ಅವನ ಕಟ್ಟಡದ ಕೆಳಗೆ ವಾಚ್‌ಮನ್ನನ ಕುರ್ಚಿಯ ಮೇಲೆ ಕೂತಿದ್ದಳು. ಅವನು ಬಂದು ಅವಳ ಮುಖ ನೋಡಿದವನೇ ಅರ್ಥಮಾಡಿಕೊಂಡ. ಮೇಲೆ ಹೋಗಿ ಮಾತಾಡೋಣ ಎಂದ. ಇಲ್ಲೇ ಮಾತಾಡು ಎಂದಳು.

ವಿಕ್ರಂನ ಕನ್ನಡ ಮನೆಯಲ್ಲಿ ಕೇಳಿ ಕಲಿತದ್ದು, ಗಾಬರಿಯಾದಾಗ ಅರ್ಧಕ್ಕರ್ಧ ಹಿಂದಿಗೆ ಜಾರುತ್ತಿತ್ತು. "ಅಮ್ಮ, ನೀನು ಘಾಟ್‌ನಲ್ಲಿ ಇರೋವಾಗ ನಾನು ಮೀಟಿಂಗ್‌ನಲ್ಲಿ ಕೂತು ಫೋನೇ ನೋಡ್ತಾ ಇರ್ತೀನಿ. ಪಪ್ಪ ಹೋದ್ಮೇಲೆ ನಂಗೆ ತುಂಬ ಡರ್ ಲಗ್ತಾ ಹೈ. ಗಾಡಿ ಫಾಸ್ಟ್ ಆದ್ರೆ ನೀನೂ ಫಾಸ್ಟ್ ಹೋಗ್ತೀಯ, ನಾ?"

"ನಿನ್ನ ಭಯ ನಿಂದು, ವಿಕ್ಕಿ. ಅದನ್ನ ನನ್ನ ಎಂಜಿನ್ ಒಳಗೆ ಹಾಕಿ ಮುಚ್ಚಬೇಡ."

ಅವನು, ಅಷ್ಟಕ್ಕೂ ಆವತ್ತು ಆ ಟ್ರೇಲರನ್ನು ಓವರ್‌ಟೇಕ್ ಮಾಡಲೇಬೇಕಿತ್ತೇ ಎಂದು ಕೇಳಿದ. ಅವಳು ಇನ್ನಷ್ಟು ಕೋಪದಿಂದ ಎದ್ದು ಹೊರಟಳು.

ಮಾರನೆಯ ವಾರ ಕಾರು ಮತ್ತೆ ಗುರುಪಾದನ ಗ್ಯಾರೇಜಿಗೇ ಹೋಯಿತು. ಬೇರೆಯವರ ಹತ್ತಿರ ಹೋಗಬಹುದಿತ್ತು. ಆದರೆ ಹೇಳಿದ ಕೆಲಸವನ್ನು ಒಪ್ಪಿಕೊಂಡವನೇ ಮಾಡಬೇಕೆಂಬುದು ಅವಳ ಹಟ. ಗುರುಪಾದನೂ ತಪ್ಪಿಸಿಕೊಳ್ಳಲಿಲ್ಲ. ಹೆಚ್ಚು ಗಾಳಿ ತುಂಬಿದರೆ ಒಳಗೆ ಬಿಸಿ ಹೆಚ್ಚುತ್ತದೆ, ರಿಂಗಿನ ಬಾಯಿಯ ಸಂದು ತುಸು ಅಗಲ ಬೇಕು, ಹಾಗಾಗಿ ಕಟ್ಟಿದ್ದನ್ನೆಲ್ಲ ಮತ್ತೆ ಬಿಚ್ಚಲೇಬೇಕು ಎಂದ. ಬಿಚ್ಚಿ ಎಂದಳು. ವಿಮಾ ಕಂಪನಿಗೆ ಏನೇನು ತಿಳಿಸಬೇಕೋ ಅದನ್ನೆಲ್ಲ ತಾನೇ ತಿಳಿಸಿದಳು. ಮತ್ತೆ ಮೋಸಹೋಗಬಾರದೆಂದು ದಿನಾ ಬೆಳಗ್ಗೆ ಸಯನ್ನಿನಿಂದ ಲೋಕಲ್ ಹಿಡಿದು ಬಂದು, ಗ್ಯಾರೇಜಿನ ಬಾಗಿಲ ಬಳಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಳು.

ಅಲ್ಲಿಂದ ಶುರುವಾಯಿತು ತೊಂದರೆಗಳ ಸರಮಾಲೆ. ಆಮೇಲಿನ ಮಾಡೆಲಿನ ಟರ್ಬೊ ಬಂತು, ಆದರೆ ಕೂರಿಸುವ ಜಾಗದ ತೂತುಗಳು ತಾಳೆಯಾಗಲಿಲ್ಲ. ನಡುವೆ ಕೂರಿಸಲು ಬೇರೆ ಲೋಹದ ತಟ್ಟೆ ಕೊರೆಸಲು ಕುರ್ಲಾದ ಲೇತ್ ಅಂಗಡಿಗೆ ಹೋದರೆ ಗಣಪತಿ ಹಬ್ಬವೆಂದು ಅಂಗಡಿಯವನು ಕೊಂಕಣದ ಊರಿಗೆ ಹೋಗಿದ್ದ. ಅವನು ಬಂದು ಮಾಡಿಕೊಟ್ಟಾಗ ಟರ್ಬೊದ ಪೈಪು ಬಾನೆಟ್ಟಿಗೆ ತಾಗಿತು. ಪೈಪು ಬಗ್ಗಿಸಿ ಬೆಸುಗೆ ಹಾಕಿಸಿಕೊಂಡು ಬಂದ ದಿನ ಸುರಿದ ಮಳೆಗೆ ಗಲ್ಲಿಯಲ್ಲಿ ಮೊಣಕಾಲುದ್ದ ನೀರು ನಿಂತು, ಎಂಜಿನ್ನನ್ನು ಮೇಜಿನ ಮೇಲೆ ಎತ್ತಿ ಟಾರ್ಪಾಲು ಹೊದಿಸಬೇಕಾಯಿತು. ದೊಡ್ಡ ಇಂಟರ್‌ಕೂಲರು ಎಂದು ಬಂದದ್ದು ಡೀಸೆಲ್ ಗಾಡಿಯದ್ದು, ಇದು ಪೆಟ್ರೋಲ್ ಕಾರು. ಪ್ರತಿಯೊಂದಕ್ಕೂ ವಿಮಲಾ ಏನಾಯಿತು, ಯಾಕಾಯಿತು, ಮೊದಲೇ ಅಳತೆ ನೋಡಬಾರದಿತ್ತೇ ಎಂದು ಕೇಳುತ್ತಿದ್ದಳು. ಗುರುಪಾದ ಮೊದಮೊದಲು ವಿವರಿಸುತ್ತಿದ್ದ. ಬರಬರುತ್ತ ಸ್ಪ್ಯಾನರ್ ತಿರುಗಿಸುವ ಸದ್ದಷ್ಟೇ ಅವನ ಉತ್ತರವಾಯಿತು.

ಅಂತೂ ಒಂದು ಮಧ್ಯಾಹ್ನ ಎಂಜಿನ್ ಸ್ಟಾರ್ಟ್ ಆಯಿತು. ಸದ್ದು ಹಿಂದಿಗಿಂತ ಗಡುಸಾಗಿತ್ತು. ವಿಮಲಾ ಎದ್ದು ನಿಂತಳು. ಸ್ವಲ್ಪ ಹೊತ್ತಿನಲ್ಲಿ ಹಿಂದಿನಿಂದ ಹೊಗೆ ಬಂತು. ಬರಬರುತ್ತ ದಟ್ಟವಾಗಿ, ಗಲ್ಲಿಯಲ್ಲಿ ಹೋಗುವವರು ಮೂಗು ಮುಚ್ಚಿಕೊಳ್ಳುವಷ್ಟಾಯಿತು. ಮತ್ತೆ ಅದೇ ನೀಲಿ.

ಅವಳಿಗೆ ಅಳು ಬರುವಂತಾಯಿತು. ರಿಂಗಿನ ಸಂದು ಅಗಲ ಮಾಡಿದ್ದಕ್ಕೇ ಹೀಗಾಗಿದೆ, ಅದಕ್ಕೇ ಬೇಡ ಅಂದಿದ್ದು ಎಂದ ಗುರುಪಾದ. ಟರ್ಬೊದಲ್ಲಿ ಆಯಿಲ್ ತಡೆಯುವ ಸೀಲು ಹೋಗಿರಬೇಕು, ಕಳಪೆ ಮಾಲು ತಂದಿದ್ದೀರಿ ಎಂದಳು ಅವಳು. ಎರಡೂ ಅಲ್ಲವೆಂದು ಮರುದಿನ ತಿಳಿಯಿತು. ಟರ್ಬೊದಿಂದ ಆಯಿಲ್ ಕೆಳಗಿಳಿದು ಹೋಗುವ ಪೈಪಿನ ಜೋಡಣೆಗೆ ಹಚ್ಚಿದ್ದ ಅಂಟು ಹೆಚ್ಚಾಗಿ, ಪೈಪಿನೊಳಕ್ಕೆ ಉಬ್ಬಿ ಗಟ್ಟಿಯಾಗಿತ್ತು. ಇಳಿಯಲು ದಾರಿಯಿಲ್ಲದ ಆಯಿಲ್ ಟರ್ಬೊದೊಳಗೇ ತುಂಬಿ ಹೊಗೆಯಾಗುತ್ತಿತ್ತು. ಆ ಅಂಟು ಹಚ್ಚಿದ್ದು ಗುರುಪಾದನ ಕೈಯೇ. ಹಚ್ಚುವಾಗ ಅವಳು ಬೆನ್ನ ಹಿಂದೆ ನಿಂತು, ಇಂಟರ್‌ಕೂಲರ್ ವಾಪಸು ಕಳಿಸಿದಿರಾ ಎಂದು ಕೇಳುತ್ತಿದ್ದಳು.

ಗುರುಪಾದ ಆ ರಬ್ಬರಿನಂಥ ತುಣುಕನ್ನು ಬೆರಳಲ್ಲಿ ಹಿಡಿದು ಅವಳ ಮುಂದೆ ಚಾಚಿದ.

"ತಪ್ಪು ನಂದ ಅಕ್ಕಾರ," ಎಂದ. "ಖರೆ ಒಂದ್ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಆ ಸ್ಟೂಲಿನ ಮ್ಯಾಲ ಕೂತ್ರ ನನ್ನ ಕೈ ನನ್ನ ಮಾತ ಕೇಳಂಗಿಲ್ಲ."

"ಒಂದು ಸಲ ಸುಳ್ಳು ಹೇಳಿದವರನ್ನ ಹೇಗೆ ನಂಬಲಿ?"

"ನಂಬಬ್ಯಾಡ್ರಿ. ಮುಗಿದ ಮ್ಯಾಲ ಬಂದು ಎಲ್ಲಾ ಬಿಚ್ಚಿ ತೋರ್ಸು ಅನ್ರಿ, ತೋರಸ್ತೀನಿ. ಮಾಡುವಾಗ ಮಾತ್ರ ಬಿಡ್ರಿ."

ಅವಳು ಪರ್ಸ್ ಎತ್ತಿಕೊಂಡು ಎದ್ದಳು. ಸಯನ್ನಿಗೆ ಹೋಗುವ ಲೋಕಲಿನಲ್ಲಿ ಬಾಗಿಲ ಹತ್ತಿರವೇ ನಿಂತು, ಅವನ ಮಾತಿಗೆ ತಕ್ಕ ಜವಾಬು ಹುಡುಕುತ್ತ ಬಂದಳು. ವಿದ್ಯಾವಿಹಾರ ದಾಟಿತು, ಕುರ್ಲಾ ದಾಟಿತು, ಒಂದೂ ಹೊಳೆಯಲಿಲ್ಲ. ತನ್ನ ಮೇಲೆ ಮಗ ಕಣ್ಣಿಟ್ಟರೆ ಎಷ್ಟು ಉರಿಯುತ್ತದೆ ಎಂಬುದು ನೆನಪಾದಾಗ ಇಳಿಯುವ ಸ್ಟೇಷನ್ ಬಂದಿತ್ತು.

ಆಮೇಲೆ ಅವಳು ಗ್ಯಾರೇಜಿಗೆ ಹೋಗಲಿಲ್ಲ. ಅದು ಸುಲಭವಾಗಿರಲಿಲ್ಲ. ಎರಡು ಸಲ ಚಪ್ಪಲಿ ಮೆಟ್ಟಿ ಲಿಫ್ಟಿನವರೆಗೆ ಹೋಗಿ ವಾಪಸು ಬಂದಳು. ಫೋನನ್ನು ಅಡುಗೆಮನೆಯ ಡಬ್ಬಿಗಳ ಹಿಂದೆ ಇಟ್ಟಳು. ವಿಕ್ರಂ ಭಾನುವಾರ ಬಂದ. ಇಬ್ಬರೂ ಟಿವಿ ನೋಡುತ್ತ ಉಪ್ಪಿಟ್ಟು ತಿಂದರು. ಹೊರಡುವಾಗ ಅವನು ಬಾಗಿಲಲ್ಲಿ ನಿಂತು, ಗುರುಪಾದ ಈಗ ತನಗೆ ಫೋನ್ ಮಾಡುವುದನ್ನು ಬಿಟ್ಟಿದ್ದಾನೆ ಎಂದ. ತಾನೇ ಮಾಡಿದರೂ ಅಕ್ಕಾರನ್ನೇ ಕೇಳಿ ಎಂದು ಇಟ್ಟುಬಿಡುತ್ತಾನಂತೆ.

ಗುರುಪಾದನ ಫೋನು ಕೊನೆಗೆ ಅವಳಿಗೇ ಬಂತು. ಹೋದಾಗ ಅವನು ಹೇಳಿದಂತೆಯೇ ಪ್ರತಿಯೊಂದನ್ನೂ ತೋರಿಸಿದ. ಹಳೆಯ ಟರ್ಬೊ ಮೇಜಿನ ಮೇಲಿತ್ತು. ಲ್ಯಾಪ್‌ಟಾಪ್ ಹಿಡಿದು ಬಂದಿದ್ದ ಒಬ್ಬ ಕಂಪ್ಯೂಟರಿನ ಸೆಟ್ಟಿಂಗು ಮಾಡಿ, ಇದಕ್ಕಿಂತ ಹೆಚ್ಚು ಎಳೆಯಬಹುದು, ಎಂಜಿನ್ ತಡೆದುಕೊಳ್ಳುತ್ತದೆ ಎಂದ. ಬೇಡ ಎಂದರು ವಿಮಲಾ, ಗುರುಪಾದ ಇಬ್ಬರೂ ಒಟ್ಟಿಗೆ. ಹೊಗೆ ಇರಲಿಲ್ಲ.

ಕಾರು ಪಳಗಿದ ಮೇಲೆ ನಾಸಿಕಕ್ಕೆ ಹೊರಟ ದಿನ ವಿಕ್ರಂ ತಾನೂ ಬರುತ್ತೇನೆಂದ. ಒಂದು ಮಾತೂ ಆಡಬಾರದೆಂಬ ಕರಾರಿನ ಮೇಲೆ ಅವಳು ಕೂರಿಸಿಕೊಂಡಳು. ಕಸಾರಾ ತಲುಪುವ ಹೊತ್ತಿಗೆ ಘಾಟಿಯ ಕೆಳಗಿನಿಂದಲೇ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಮೇಲೆಲ್ಲೋ ಲಾರಿಯೊಂದು ಕೆಟ್ಟು ಅಡ್ಡ ನಿಂತಿದೆಯೆಂದು ಬೈಕಿನವನೊಬ್ಬ ಹೇಳಿದ. ಆ ಘಾಟಿಗೆಂದೇ ಎರಡೆರಡು ಸಲ ಕಟ್ಟಿಸಿದ ಎಂಜಿನ್ ಇಟ್ಟುಕೊಂಡು, ವಿಮಲಾ ಒಂದನೆಯ ಗೇರಿನಲ್ಲಿ ತೆವಳುತ್ತ, ನಿಲ್ಲುತ್ತ, ಮತ್ತೆ ತೆವಳುತ್ತ ಇಡೀ ಘಾಟಿ ಏರಿದಳು. ಕ್ಲಚ್ ಒತ್ತೊತ್ತಿ ಎಡಮಂಡಿ ನೋಯತೊಡಗಿತು. ಮುಂದಿನ ಟೆಂಪೋದಲ್ಲಿ ಈರುಳ್ಳಿ ಚೀಲಗಳ ಮೇಲೆ ಮಲಗಿದ್ದವನೊಬ್ಬ ಅವರನ್ನು ನೋಡಿ ಆಕಳಿಸಿದ. ವಿಕ್ರಂ ಕಿಟಕಿಯ ಕಡೆ ತಿರುಗಿ ನಗು ತಡೆದುಕೊಳ್ಳುತ್ತಿದ್ದುದು ಅವಳಿಗೆ ಗೊತ್ತಾಯಿತು.

ಇಗತಪುರಿ ದಾಟಿದ ಮೇಲೆ ರಸ್ತೆ ಬಿಡುವಾಯಿತು. ಸಣ್ಣ ಏರೊಂದರಲ್ಲಿ ಟ್ಯಾಂಕರ್ ಸಿಕ್ಕಿತು. ಮುಂದೆ ಖಾಲಿಯಿದೆಯೇ ನೋಡಿದಳು, ಕನ್ನಡಿ ನೋಡಿದಳು, ಗೇರ್ ಇಳಿಸಿ ತುಳಿದಳು. ಬೆನ್ನು ಸೀಟಿಗೆ ಒತ್ತಿತು. ಬಹಳ ಜೋರಾಗೇನೂ ಅಲ್ಲ, ಯಾರೋ ಹಿಂದಿನಿಂದ ಅಂಗೈಯಿಟ್ಟು ದೂಡಿದಷ್ಟು. ಟ್ಯಾಂಕರ್ ಹಿಂದೆ ಬಿತ್ತು. ವಿಕ್ರಂನ ಕಾಲು ಇಲ್ಲದ ಬ್ರೇಕನ್ನು ಒತ್ತಿಹಿಡಿದಿತ್ತು. ಅವನು ಕಾಲು ತೆಗೆದು, ಕರಾರು ಮುರಿದು, "ಇಷ್ಟೇನಾ?" ಎಂದು ಕೇಳಿದ.

"ಇಷ್ಟೇ," ಎಂದಳು ವಿಮಲಾ. "ಇಷ್ಟಕ್ಕೇ ನೀನು ಸುಳ್ಳು ಹೇಳಿದ್ದು."

ಅವನು ಸಾರಿ ಎಂದ. ಹಾಗೆ ಅವನು ಹೇಳಿದ್ದು ಅದೇ ಮೊದಲು. ಅವಳು ರಸ್ತೆ ನೋಡುತ್ತ ಓಡಿಸಿದಳು.

ಕಸ್ತೂರಿಬಾಯಿ ಗೇಟಿನವರೆಗೆ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದಳು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯದ ಊಟವಾಯಿತು. ಊಟದ ಮಧ್ಯೆ ವಿಮಲಾ ನಡೆದದ್ದೆಲ್ಲವನ್ನೂ ಹೇಳಿದಳು. ಟರ್ಬೊದ ತೂತುಗಳು, ಮಳೆ, ಅಂಟು, ಎಲ್ಲವನ್ನೂ. ಕಸ್ತೂರಿಬಾಯಿ ಅಂಟಿನ ಮಾತಿಗೆ ಬಿದ್ದು ಬಿದ್ದು ನಕ್ಕಳು. ಆದರೆ ನಾಳೆ ಹೊರಡೋಣ, ಒಂದು ವಾರ ಸಯನ್ನಿಗೆ ಬಾ ಎಂದು ವಿಮಲಾ ಕರೆದ ಕೂಡಲೇ ಅವಳ ನಗು ನಿಂತಿತು.

"ಗಾಡಿಗೆ ದಮ್ಮು ಬಂದೈತಿ ಅಂತಿ, ಖರೇನ ಇರಬೇಕು," ಎಂದಳು. "ನನ್ನ ಎದಿಗೆ ಎಲ್ಲಿಂದ ತರಲಿ ವಿಮಲಾ? ಕಣ್ಣ ಮುಚ್ಚಿದ್ರ ಇನ್ನೂ ಆ ಟ್ರೇಲರ್ ಬರತೈತಿ."

ಇಷ್ಟು ತಿಂಗಳು ಗುರುಪಾದನ ಜೊತೆ, ಮಗನ ಜೊತೆ, ತೂತುಗಳ ಜೊತೆ ಗುದ್ದಾಡುವಾಗ ಈ ಒಂದು ಮಾತನ್ನು ವಿಮಲಾ ಯೋಚಿಸಿಯೇ ಇರಲಿಲ್ಲ. ಆವತ್ತು ನಾನು ಆ ಟ್ರೇಲರಿನ ಹಿಂದೆಯೇ ಇರಬೇಕಾಗಿತ್ತು, ತಪ್ಪು ನನ್ನದು ಎಂದಳು. ಹೂಂ, ನಿಂದೇ ಎಂದಳು ಕಸ್ತೂರಿಬಾಯಿ, ಇನ್ನೊಂದು ರೊಟ್ಟಿ ಬಡಿಸುತ್ತ.

ಸಂಜೆ ಚಹಾ ಆದ ಮೇಲೆ ಕಸ್ತೂರಿಬಾಯಿ ತಾನಾಗಿಯೇ ಸೆರಗು ಸರಿಪಡಿಸಿಕೊಂಡು, ಕೈಚೀಲ ಹಿಡಿದು ಬಂದು ನಿಂತಳು.

"ಮೆಂತ್ಯಾ ಪಲ್ಯೆ ತರೋದೈತಿ. ಪ್ಯಾಟಿತನಕ ಬರ್ತೀನಿ. ಸೆಕೆಂಡ್ ಗೇರ್ ದಾಟಬಾರ್ದು ನೋಡು."

ವಿಕ್ರಂ ಹಿಂದಿನ ಸೀಟಿಗೆ ಹೋದ. ಕಸ್ತೂರಿಬಾಯಿ ಮುಂದೆ ಕೂತು, ಬೆಲ್ಟ್ ಬಿಗಿದು, ಮೇಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದಳು. ಸೈಕಲ್ಲುಗಳು, ಸ್ಕೂಟರುಗಳು ಅವರನ್ನು ದಾಟಿಕೊಂಡು ಹೋದವು. ಟೊಮೆಟೊ ತುಂಬಿದ ಕೈಗಾಡಿಯೊಂದು ಮುಂದೆ ನಿಧಾನವಾಗಿ ಸಾಗುತ್ತಿತ್ತು, ಅದರ ಬಲಕ್ಕೆ ಬೇಕಾದಷ್ಟು ಜಾಗವಿತ್ತು. ಹಿಂದಿನ ರಿಕ್ಷಾದವನು ಹಾರ್ನ್ ಮೇಲೆ ಹಾರ್ನ್ ಹೊಡೆದ. ವಿಮಲಾಳ ಪಾದ ಆಕ್ಸಿಲರೇಟರಿನ ಮೇಲೆ ಅಲುಗಿತು. ಕಸ್ತೂರಿಬಾಯಿ ಆ ಪಾದವನ್ನೇ ನೋಡುತ್ತಿದ್ದಳು.

"ಬ್ಯಾಡ," ಎಂದಳು.

ವಿಮಲಾ ಹಲ್ಲು ಕಚ್ಚಿಕೊಂಡು ಕೈಗಾಡಿಯ ಹಿಂದೆಯೇ ಓಡಿಸಿದಳು.